ಚೋಮನಿಗೆ ಸಿಗದ ಗದ್ದೆ

ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಬಂದದ್ದು 1933ರಲ್ಲಿ. ಆಗ ನಮ್ಮ ಕಾಸರಗೋಡು, ಪುತ್ತೂರು, ಮಂಗಳೂರು ಎಲ್ಲ ಒಂದೇ ಜಿಲ್ಲೆ, ದಕ್ಷಿಣ ಕನ್ನಡ. ಮದ್ರಾಸಿನ ಕೈಕೆಳಗೆ. ಗಡಿ ಬಿದ್ದದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಚೋಮ ಆಚೆ ರಾಜ್ಯದವ ಅಂತ ನಾವು ಹೇಳುವ ಹಾಗಿಲ್ಲ.

ನಾನು ಕಲಿತದ್ದು ಏಳನೇ ಕ್ಲಾಸು. ಆ ವರ್ಷ ನಮ್ಮ ಮಾಷ್ಟ್ರು ಕಡೇ ಪೀರಿಯಡಿನಲ್ಲಿ ಈ ಪುಸ್ತಕ ಓದಿ ಹೇಳುತ್ತಿದ್ದರು. ಕೆಲವು ಮಕ್ಕಳು ತಿರುಗಿ ನನ್ನ ಮುಖ ನೋಡುತ್ತಿದ್ದರು. ಯಾಕೆಂದರೆ ನನ್ನ ಅಪ್ಪ ಮೂಲದಾಳು, ನಮ್ಮ ಗುಡಿಸಲಿನ ಮೂಲೆಯಲ್ಲೂ ಒಂದು ದುಡಿ ನೇತಾಡುತ್ತಿತ್ತು. ನಾಚಿಕೆ ಆಗುತ್ತಿತ್ತು. ಆದರೂ ಪುಸ್ತಕ ಕೇಳಿ ತಂದು, ಓದು ಬಾರದ ಅಪ್ಪನಿಗೆ ದಿನಾ ರಾತ್ರಿ ಸ್ವಲ್ಪ ಸ್ವಲ್ಪ ತುಳುವಿನಲ್ಲಿ ಹೇಳಿದೆ.

ಕತೆ ಗೊತ್ತುಂಟಲ್ಲ. ಚೋಮನ ಹತ್ತಿರ ಕಾಡಿನಲ್ಲಿ ಸಿಕ್ಕಿದ ಎರಡು ಎತ್ತು ಉಂಟು, ಉಳಲಿಕ್ಕೆ ಗದ್ದೆ ಇಲ್ಲ. ಹೊಲೆಯನಿಗೆ ಬೇಸಾಯ ಕೊಡುವ ಕ್ರಮವೇ ಇಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕು. ಒಬ್ಬನನ್ನು ಕಾಲರಾ ತೆಗೆದುಕೊಂಡು ಹೋಗುತ್ತದೆ. ಮತ್ತೊಬ್ಬ ಮಗ ಹೊಳೆಯಲ್ಲಿ ಮುಳುಗುವಾಗ, ಮುಟ್ಟಬಾರದು ಅಂತ ಯಾರೂ ನೀರಿಗೆ ಇಳಿಯುವುದಿಲ್ಲ. ಪಾದ್ರಿಗಳ ಜಾತಿ ಸೇರಿದರೆ ಭೂಮಿ ಸಿಗುತ್ತದೆ, ಆದರೆ ಪಂಜುರ್ಲಿಯನ್ನು ಬಿಟ್ಟು ಹೋಗಲು ಅವನಿಗೆ ಕಾಲು ಬರುವುದಿಲ್ಲ. ದೈವದ ಪಾಡ್ದನ ಹೇಳುವ ನನಗೆ ಆ ಸಂಕಟ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1975ರಲ್ಲಿ ಬಂಟ್ವಾಳ ಕಡೆಯವರೇ ಆದ ಬಿ.ವಿ. ಕಾರಂತರು ಇದನ್ನು ಸಿನೆಮಾ ಮಾಡಿದರು. ದೇಶಕ್ಕೇ ಒಳ್ಳೆಯ ಚಿತ್ರ ಅಂತ ಸ್ವರ್ಣ ಕಮಲ ಬಂತು, ಚೋಮನ ಪಾತ್ರ ಮಾಡಿದ ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಕೆಲವು ವರ್ಷದ ನಂತರ ಶಾಲೆ ಮೈದಾನದಲ್ಲಿ ಪರದೆ ಕಟ್ಟಿ ತೋರಿಸಿದರು. ಅಪ್ಪನನ್ನು ಕರೆದುಕೊಂಡು ಹೋದೆ. ಪುಸ್ತಕದಲ್ಲಿ ದುಡಿ ಅಂತ ಬರೆದದ್ದನ್ನು ಓದಬಹುದು, ಕೇಳಲಿಕ್ಕೆ ಆಗುವುದಿಲ್ಲ. ಅವತ್ತು ಅದು ಕೇಳಿತು. ನಾವು ಹಬ್ಬಕ್ಕೆ, ಕುಣಿತಕ್ಕೆ ಬಾರಿಸುತ್ತಿದ್ದ ದುಡಿಯನ್ನು ಒಬ್ಬ ಮನುಷ್ಯ ಸಿಟ್ಟಿಗೂ ಬಾರಿಸುತ್ತಾನೆ ಅಂತ ನನಗೆ ಕಂಡದ್ದು ಆ ರಾತ್ರಿ. ಕೊನೆಗೆ ಚೋಮ ಉತ್ತು, ಎತ್ತುಗಳನ್ನು ಕಾಡಿಗೆ ಅಟ್ಟಿ, ಬಾಗಿಲು ಹಾಕಿಕೊಂಡು ಬಾರಿಸುತ್ತಲೇ ಸಾಯುತ್ತಾನೆ. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ "ಎತ್ತು ಬಿಡಬಾರದಿತ್ತು" ಅಂದರು, ಅಷ್ಟೇ.

ಈಗ ಕಾನೂನು ಬಂದು ಎಲ್ಲ ಸರಿಯಾಯಿತು ಅನ್ನುವವರು ಉಂಟು. ಸ್ವಲ್ಪ ಲೆಕ್ಕ ಹಾಕುವ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ಹೋಯಿತು, ಕರ್ನಾಟಕದಲ್ಲಿ 1974ರ ಮಾರ್ಚ್ 1ಕ್ಕೆ. ಗದ್ದೆ ಸಿಕ್ಕಿದ್ದು ಗೇಣಿ ಕೊಡುತ್ತಿದ್ದ ಒಕ್ಕಲಿಗೆ. ಚೋಮ ಒಕ್ಕಲು ಅಲ್ಲ, ಆಳು. ಅವನ ಹೆಸರಿನಲ್ಲಿ ಗೇಣಿಚೀಟು ಎಲ್ಲಿಂದ ಬರಬೇಕು? ಸಿನೆಮಾ ಬರುವಾಗ ಚೋಮ ಬದುಕಿದ್ದರೂ ಈ ಕಾನೂನಿನಲ್ಲಿ ಅವನಿಗೆ ಗದ್ದೆ ಸಿಗುತ್ತಿರಲಿಲ್ಲ. ನಮ್ಮಂಥವರಿಗೆ ಇಲ್ಲಿ ಬಂದದ್ದು ಕುಡಿಕಿಡಪ್ಪು ಹಕ್ಕು, ಪಂಚಾಯತಿನಲ್ಲಾದರೆ ಗುಡಿಸಲಿನ ಸುತ್ತ 10 ಸೆಂಟ್ಸ್. ಅದನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಏಳು ಅಂದ ಕೂಡಲೇ ಎದ್ದು ಹೋಗಬೇಕಾದ ಕಾಲ ಅದರಿಂದಲೇ ಹೋಯಿತು. ಅಪ್ಪ ಅದರಲ್ಲಿ ನಾಲ್ಕು ತೆಂಗು ನೆಟ್ಟರು. ಆದರೆ 10 ಸೆಂಟ್ಸಿನಲ್ಲಿ ಮನೆಯೂ ಕಟ್ಟಿ ಎತ್ತು ತಿರುಗಿಸಲಿಕ್ಕೆ ಆಗುತ್ತದಾ?

ಕೂಲಿ ದುಡ್ಡು ಕೂಡಿಸಿ ನಾನು 60 ಸೆಂಟ್ಸ್ ಗದ್ದೆ ಕೊಳ್ಳುವಾಗ ನಲವತ್ತು ದಾಟಿತ್ತು. ಅಪ್ಪ ಇರಲಿಲ್ಲ. ಅವರ ದುಡಿ ನನ್ನ ಹತ್ತಿರ ಉಂಟು. ಮಳೆಗಾಲದಲ್ಲಿ ಚರ್ಮ ತಣ್ಣಗಾಗಿ ಸದ್ದು ಇಳಿಯುತ್ತದೆ, ಬೆಂಕಿಗೆ ಹಿಡಿದು ಕಾಯಿಸಬೇಕು. ಗದ್ದೆ ಉಳುವುದು ಟಿಲ್ಲರಿನಲ್ಲಿ. ಎತ್ತು ನಾನು ಸಾಕಲೇ ಇಲ್ಲ.