ಗ್ಯಾಸ್‌ಗೆ ಆ ವಾಸನೆ ಎಲ್ಲಿಂದ ಬಂತು?

1/6
ಅನಗೋಳದಾಗ ಹುಟ್ಟಿ ಬೆಳೆದ ನನಗೆ ಗ್ಯಾಸ್ ಒಲೆ ಅಂದ್ರೆ ಟಿಕ್ ಅಂತ ಹಚ್ಚೋದು, ಚಹಾ ಇಡೋದು, ಅಷ್ಟೇ. ಹೋದ ದೀಪಾವಳಿ ರಜೆಗೆ ಖಾನಾಪುರ ಕಡೆ ನಮ್ಮ ಅಜ್ಜಿ ಊರಿಗೆ ಹೋಗಿದ್ವಿ. ಸಂಜೆ ಹಾಲು ಉಕ್ಕಿ ಉರಿ ಆರಿಹೋಗಿತ್ತು. ಅಜ್ಜಿ ಪಕ್ಕದಾಗೇ ಕೂತು ಕಾಯಿಪಲ್ಲೆ ಹೆಚ್ಚುತ್ತಿದ್ದಳು, ಆಕಿಗೆ ವಾಸನೆನೇ ಬಂದಿಲ್ಲ. ಒಳಗೆ ಬಂದ ನನಗೆ ಗಪ್ಪಂತ ಮೂಗಿಗೆ ಹೊಡೀತು. ಕತ್ತಲಾಗಿತ್ತು, ಕೈ ಸೀದಾ ಲೈಟಿನ ಸ್ವಿಚ್ ಕಡೆ ಹೋಯ್ತು. ಹಿಂದಿನಿಂದ ಅವ್ವ ಚೀರಿದಳು: "ಏ, ಸ್ವಿಚ್ ಮುಟ್ಟಬ್ಯಾಡ!"

ಒಲೆ, ರೆಗ್ಯುಲೇಟರ್ ಎರಡೂ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಅಜ್ಜಿನ್ನ ಹೊರಗೆ ಕರ್ಕೊಂಡು ಬಂದ್ವಿ. ಏನೂ ಆಗಲಿಲ್ಲ. ಆದರೆ ಅವ್ವನ ಆ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಇತಿಹಾಸ ಐತಿ ಅಂತ ಆಮೇಲೆ ಓದಿದಾಗ ಗೊತ್ತಾಯ್ತು.

2/6
ಅಡುಗೆ ಅನಿಲಕ್ಕೆ ತನ್ನದೇ ಅಂತ ಹೇಳಿಕೊಳ್ಳೋ ವಾಸನೆ ಇಲ್ಲ. ನಮಗೆ ಬರೋ ಆ ಕೊಳೆತ ಕೋಸಿನಂಥ ನಾತ ಈಥೈಲ್ ಮರ್ಕ್ಯಾಪ್ಟನ್ ಅನ್ನೋ ರಾಸಾಯನಿಕದ್ದು. ಬೇಕಂತಲೇ ಬೆರೆಸ್ತಾರೆ.

1937ರ ಮಾರ್ಚ್ 18. ಅಮೆರಿಕದ ಟೆಕ್ಸಾಸ್‌ನಲ್ಲಿ ನ್ಯೂ ಲಂಡನ್ ಅನ್ನೋ ಊರಿನ ಶಾಲೆ. ಕಟ್ಟಡ ಬೆಚ್ಚಗಿಡಲು ನೈಸರ್ಗಿಕ ಅನಿಲ ಬಳಸುತ್ತಿದ್ದರು. ಅದು ಸೋರಿ ನೆಲದ ಕೆಳಗೆ ತುಂಬಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ, ಯಾಕಂದ್ರೆ ವಾಸನೆನೇ ಇರಲಿಲ್ಲ. ವರ್ಕ್‌ಶಾಪಿನಲ್ಲಿ ಒಬ್ಬ ಮೇಷ್ಟ್ರು ಯಂತ್ರದ ಸ್ವಿಚ್ ಹಾಕಿದಾಗ ಕಿಡಿ ಹಾರಿತು ಅಂತ ನಂಬಲಾಗಿದೆ. ಸುಮಾರು 300 ಜನ ಸತ್ತರು, ಬಹುಪಾಲು ಮಕ್ಕಳು. ಅದಾದ ಮೇಲೆ ಅನಿಲಕ್ಕೆ ವಾಸನೆ ಬೆರೆಸಲೇಬೇಕು ಅಂತ ಟೆಕ್ಸಾಸ್‌ನಲ್ಲಿ ಕಾನೂನು ಬಂತು. ಆಮೇಲೆ ಬೇರೆ ಕಡೆಗೂ ಹರಡಿತು.

ವಾಸನೆ ಮತ್ತು ಸ್ವಿಚ್. ಅಜ್ಜಿ ಅಡುಗೆಮನೆಯ ಎರಡೂ ಪಾಠ ಆ ಒಂದೇ ದಿನದಾಗ ಅವ.

3/6
ನಮ್ಮ ದೇಶದಾಗ 1955ರಲ್ಲಿ ಬರ್ಮಾ ಶೆಲ್ ಕಂಪನಿ ಮುಂಬೈಯಲ್ಲಿ ಅಡುಗೆ ಅನಿಲ ಮಾರೋಕೆ ಶುರು ಮಾಡಿತು. 1965ರಲ್ಲಿ ಇಂಡಿಯನ್ ಆಯಿಲ್‌ನ ಇಂಡೇನ್ ಬಂತು. 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಕೈಗೆ ಬಂದು ಮುಂದೆ ಭಾರತ್ ಪೆಟ್ರೋಲಿಯಂ ಆಯ್ತು. ಆಗೆಲ್ಲ ಕನೆಕ್ಷನ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. 2016ರ ಮೇ 1ಕ್ಕೆ ಉಜ್ವಲ, ಆಮೇಲೆ ನಮ್ಮ ರಾಜ್ಯದ ಅನಿಲ ಭಾಗ್ಯ ಬಂದವು. ಸಿಲಿಂಡರ್ ಹಳ್ಳಿಗೆ ಬಂತು. ಅದನ್ನ ಬಳಸೋ ರೂಢಿ ಮಾತ್ರ ಅಷ್ಟು ಬೇಗ ಬರಲಿಲ್ಲ.

4/6
ಅಜ್ಜಿ ಜೀವನಪೂರ್ತಿ ಮಣ್ಣಿನ ಒಲೆ ಮುಂದೆ ಕೂತೇ ರೊಟ್ಟಿ ಬಡಿದಾಕಿ. ಗ್ಯಾಸ್ ಬಂದ ಮೇಲೂ ಒಲೆನ್ನ ನೆಲದ ಮೇಲೇ ಇಟ್ಟಿದ್ದಳು. ತಪ್ಪು ಅಲ್ಲೇ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ರೆ ನೀರಿನಂಗೆ ನೆಲದ ಮೇಲೆ ಹರಡಿ ಮೂಲೆಯಾಗ ನಿಲ್ಲುತ್ತೆ. ಅದಕ್ಕೇ ಸಿಲಿಂಡರ್ ನೆಲದ ಮೇಲೆ ನೆಟ್ಟಗೆ, ಒಲೆ ಕಟ್ಟೆ ಮೇಲೆ. ಹೊಗೆಯ ಜೊತೆ ಕೂತು ಮಾಡೋ ಅಡುಗೆ ಗ್ಯಾಸ್ ಜೊತೆ ಎದ್ದು ನಿಂತಿದ್ದು ಬರೀ ಫ್ಯಾಷನ್‌ಗಲ್ಲ.

5/6
ಉರಿ ಯಾಕೆ ನೀಲಿ? 1855ರ ಸುಮಾರಿಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಬರ್ನರ್ ತಯಾರಾಯ್ತು. ಅನಿಲ ಉರಿಯೋಕೆ ಮೊದಲೇ ಅದಕ್ಕೆ ಗಾಳಿ ಬೆರೆಸೋದು, ಇಷ್ಟೇ ಅದರ ಉಪಾಯ. ನಮ್ಮ ಮನೆ ಬರ್ನರ್ ಕೂಡ ಅದೇ. ಹಳದಿ ಉರಿ ಬಂದು ಪಾತ್ರೆ ತಳ ಕಪ್ಪಾದ್ರೆ ಗಾಳಿ ಸಾಲ್ತಿಲ್ಲ, ತೂತು ಕಟ್ಟಿವೆ ಅಂತ ಅರ್ಥ. ಬಿಕಾಂ ಭಾಷೆಯಾಗ ಹೇಳಬೇಕಂದ್ರೆ 14.2 ಕೆಜಿ ಗ್ಯಾಸಿಗೆ ರೊಕ್ಕ ಕೊಟ್ಟು ಮಸಿ ತಗೊಂಡಂಗೆ! ಬರ್ನರ್ ತೊಳೀರಿ, ಮುಚ್ಚಳ ಮುಚ್ಚಿ ಬೇಯಿಸ್ರಿ, ಕುದಿ ಬಂದ ಮೇಲೆ ಉರಿ ಸಣ್ಣ ಮಾಡ್ರಿ, ಪಾತ್ರೆ ಬದಿಗೆ ಉರಿ ಏರೋಕೆ ಬಿಡಬ್ಯಾಡ್ರಿ.

6/6
2013ರಲ್ಲಿ ಶುರುವಾದ ದಾಭೋಳ-ಬೆಂಗಳೂರು ಪೈಪ್‌ಲೈನ್ ನಮ್ಮ ಬೆಳಗಾವಿ ಜಿಲ್ಲೆ ಹಾದೇ ಹೋಗುತ್ತೆ. ಈಗ ಬೆಳಗಾವಿಯಾಗೂ ಪೈಪ್ ಗ್ಯಾಸ್ ಐತಿ. ಅದು ಮೀಥೇನ್, ಗಾಳಿಗಿಂತ ಹಗುರ, ಮೇಲೆ ಛಾವಣಿ ಕಡೆ ಏರುತ್ತೆ. ನಿಮ್ಮ ಮನೆಯಾಗ ಯಾವ ಗ್ಯಾಸ್ ಅಂತ ಮೊದಲು ತಿಳ್ಕೊಳ್ರಿ. ಯಾವುದೇ ಇರಲಿ, ವಾಸನೆ ಬಂದ್ರೆ ಸ್ವಿಚ್ ಹಾಕೋದೂ ಬ್ಯಾಡ, ಆರಿಸೋದೂ ಬ್ಯಾಡ. ಎಕ್ಸಾಸ್ಟ್ ಫ್ಯಾನ್ ಕೂಡ ಬ್ಯಾಡ. ಗ್ಯಾಸ್ ಬಂದ್ ಮಾಡಿ, ಕಿಟಕಿ ತೆಗೆದು, ಹೊರಗೆ ಬಂದು ಫೋನ್ ಮಾಡ್ರಿ. ಸಿಲಿಂಡರ್ ಸೋರಿಕೆಗೆ 1906.

ಅಜ್ಜಿ ಮನೆಯಾಗ ಈಗ ಕಲ್ಲಿನ ಕಟ್ಟೆ ಹಾಕ್ಸೀವಿ. ಐದು ವರ್ಷ ದಾಟಿದ್ದ ಪೈಪ್ ಬದಲಿಸಿದ್ವಿ. ಆದ್ರೆ ಅಜ್ಜಿ ಮೂಗು ಬದಲಿಸೋಕಾಗಲ್ಲ. ಆ ವಾಸನೆ ಕಂಡುಹಿಡಿದವರು ಎಲ್ಲರಿಗೂ ಮೂಗು ಚುರುಕು ಇರುತ್ತೆ ಅಂದ್ಕೊಂಡಿದ್ರು. ವಯಸ್ಸಾದವರಿಗೆ ಹಂಗಿರಲ್ಲ. ಅದಕ್ಕೇ ದಿನಾ ರಾತ್ರಿ ಒಂಬತ್ತಕ್ಕೆ ನಾನು ಫೋನ್ ಮಾಡ್ತೀನಿ.

"ಅಜ್ಜಿ, ರೆಗ್ಯುಲೇಟರ್?"

"ಬಂದ್ ಮಾಡೀನೋ ಮಾರಾಯಾ, ನೀ ಉಂಡ್ಯೇನು?"

ನಿಮ್ಮ ಅಜ್ಜಿಗೂ ಇವತ್ತು ಒಂದು ಫೋನ್ ಹಚ್ರಿ.