ಫ್ಯಾನ್ ಹಚ್ಚಿದರೆ ತಪ್ಪೇನು?

ಅಕ್ಕಲಕೋಟದ ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಮೊಮ್ಮಗನಿಗೆ, "ಆ ಫ್ಯಾನ್ ಹಚ್ಚೋ ಯಪ್ಪಾ" ಅಂದಳು. ಹುಡುಗ ಗುಂಡಿ ಒತ್ತುತ್ತಲೇ ತಿದ್ದಿದ: "ಹಚ್ಚೂದು ದೀಪ, ಆಯಿ. ಫ್ಯಾನ್ ಆನ್ ಮಾಡೂದು." ಕೂತವರು ನಕ್ಕರು. ಆದರೆ ಸರಿಯಾಗಿ ಮಾತಾಡಿದವಳು ಮುದುಕಿಯೇ.

ಸೊಲ್ಲಾಪುರ, ಅಕ್ಕಲಕೋಟ, ಇತ್ತ ವಿಜಯಪುರದ ಕಡೆ ಹಚ್ಚುವುದಕ್ಕೆ ಕೊನೆಯೇ ಇಲ್ಲ. ಒಲೆ ಹಚ್ಚುತ್ತಾರೆ, ತಲೆಗೆ ಎಣ್ಣೆ ಹಚ್ಚುತ್ತಾರೆ, ಗೋಡೆಗೆ ಸುಣ್ಣ ಹಚ್ಚುತ್ತಾರೆ, ಗಿಡ ಹಚ್ಚುತ್ತಾರೆ, ಮಗಳನ್ನು ಸಾಲಿಗೆ ಹಚ್ಚುತ್ತಾರೆ, ಬೀಗರಿಗೆ ಫೋನ್ ಹಚ್ಚುತ್ತಾರೆ. ಮರಾಠಿಯ 'ಲಾವಣೆ' ಎಂಬ ಕ್ರಿಯಾಪದವೂ ಹೆಚ್ಚುಕಡಿಮೆ ಈ ಎಲ್ಲ ಕೆಲಸ ಮಾಡುತ್ತದೆ. ಹಾಗೆಂದು ಇದನ್ನು ಮರಾಠಿಯ ಸಾಲವೆಂದು ಬರೆದುಬಿಡುವುದು ಆತುರದ ತೀರ್ಮಾನ. ಹಳಗನ್ನಡದ 'ಪತ್ತು' ಅಂದರೆ ಅಂಟು, ತಗಲು. ತಾನಾಗಿ ತಗಲಿದರೆ ಹತ್ತಿತು, ನಾವು ತಗಲಿಸಿದರೆ ಹಚ್ಚಿದೆವು. ಈ ಅಂಕಣದ ವಾದ ಇನ್ನೂ ಒಂದು ಹೆಜ್ಜೆ ಮುಂದಿದೆ: 'ಹಚ್ಚು' ಮೊದಲಿನಿಂದಲೂ ಬೆಂಕಿಯ ಮಾತಲ್ಲ, ಸ್ಪರ್ಶದ ಮಾತು. ಒಂದು ಬತ್ತಿಗೆ ಇನ್ನೊಂದನ್ನು ಮುಟ್ಟಿಸಿದ ಮೇಲೆ ಬೆಂಕಿ ಆ ಮಾತಿನೊಳಗೆ ಬಂತು.

ವಿದ್ಯುತ್ತಿನ ಚರಿತ್ರೆಯೂ ಬಹುಮಟ್ಟಿಗೆ ಹಚ್ಚಿ ನೋಡಿದವರ ಚರಿತ್ರೆಯೇ. ಸ್ಟೀಫನ್ ಗ್ರೇ ಎಂಬಾತ ಇಂಗ್ಲೆಂಡಿನ ಕ್ಯಾಂಟರ್ಬರಿಯ ಬಣ್ಣಗಾರ, ಬಟ್ಟೆಗೆ ಬಣ್ಣ ಹಾಕುವ ಮನೆತನದವನು. 1729ರಲ್ಲಿ ಗಾಜಿನ ಕೊಳವೆಯನ್ನು ಉಜ್ಜಿ, ಅದಕ್ಕೆ ಸೆಣಬಿನ ದಾರ ಹಚ್ಚಿ, ದಾರದ ಆ ತುದಿಗೆ ದಂತದ ಚೆಂಡು ಕಟ್ಟಿದ. ಅಲ್ಲಿ ಹಗುರವಾದ ಚೂರುಗಳು ಚೆಂಡಿನತ್ತ ಜಿಗಿದವು. ದಾರವನ್ನು ರೇಷ್ಮೆ ಎಳೆಗಳ ಮೇಲೆ ತೂಗಿಸಿದರೆ ಪ್ರಯೋಗ ಗೆಲ್ಲುತ್ತಿತ್ತು, ಲೋಹದ ತಂತಿಯ ಮೇಲೆ ತೂಗಿಸಿದರೆ ಎಲ್ಲ ಸೋರಿ ಹೋಗುತ್ತಿತ್ತು. ವಾಹಕ ಯಾವುದು, ಅವಾಹಕ ಯಾವುದು ಎಂಬ ತಿಳಿವು ಜಗತ್ತಿಗೆ ಬಂದದ್ದು ನೂಲಿನ ಗುಣ ಬಲ್ಲ ಒಬ್ಬ ಕಸುಬುದಾರನಿಂದ. ಚಾದರದ ಊರಾದ ಸೊಲ್ಲಾಪುರದಲ್ಲಿ ಅವನ ಹೆಸರು ಶಾಲೆ ಮಕ್ಕಳಿಗೆಲ್ಲ ಗೊತ್ತಿರಬೇಕಿತ್ತು.

ಗಾಲ್ವಾನಿ ಎಂಬ ವಿಜ್ಞಾನಿಯ ಪ್ರಯೋಗದಲ್ಲಿ ಸತ್ತ ಕಪ್ಪೆಯ ಕಾಲು ಅದುರಿದ್ದು ಎರಡು ಲೋಹ ತಗಲಿದಾಗ. ವಿದ್ಯುತ್ತು ಹುಟ್ಟುವುದು ಕಪ್ಪೆಯಲ್ಲಲ್ಲ, ಲೋಹಗಳ ಸ್ಪರ್ಶದಲ್ಲಿ ಎಂದು ಹಟ ಹಿಡಿದ ವೋಲ್ಟಾ 1800ರಲ್ಲಿ ಸತು, ಬೆಳ್ಳಿಯ ಬಿಲ್ಲೆಗಳನ್ನು ಉಪ್ಪುನೀರಿನ ರಟ್ಟಿನ ಜೊತೆ ಪೇರಿಸಿ ಮೊದಲ ಬ್ಯಾಟರಿ ಕಟ್ಟಿದ. ಫ್ಯಾರಡೆಯದು ಎಲ್ಲಕ್ಕಿಂತ ಸೊಗಸು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ ಹಚ್ಚಿದ. ಇನ್ನೊಂದರ ಬಳಿಯ ಕಾಂತಸೂಜಿ ಹಚ್ಚಿದ ಕ್ಷಣ ಅಲುಗಿತು, ತೆಗೆದ ಕ್ಷಣ ಅಲುಗಿತು, ನಡುವೆ ಸುಮ್ಮನಿತ್ತು. ಇಂದಿನ ಟ್ರಾನ್ಸ್‌ಫಾರ್ಮರ್ ಅಷ್ಟೂ ಆ ಬಳೆಯ ಸಂತಾನ. 'ಆನ್' ಎಂಬ ಮಾತಿನಲ್ಲಿ ಈ ಯಾವ ಸಂಗತಿಯ ಸುಳಿವೂ ಇಲ್ಲ.

ಬೆಂಕಿಯ ಕಾಲದ ಮಾತುಗಳೆಲ್ಲ ವಿದ್ಯುತ್ತಿಗೆ ದಾಟಲಿಲ್ಲ. ದೀಪದ ಬುಡಕ್ಕೆ ಕತ್ತಲು ಎಂಬ ಗಾದೆಯನ್ನೇ ತೆಗೆದುಕೊಳ್ಳಿ. ಅದು ಹಣತೆಯ ಕಾಲದ ಕಣ್ಣು ಕಂಡದ್ದು. ಉರಿ ಮೇಲೆ, ಎಣ್ಣೆಯ ಬಟ್ಟಲು ಕೆಳಗೆ, ನೆರಳು ಬುಡಕ್ಕೇ ಬೀಳಬೇಕು. ಜಂತಿಯಿಂದ ಇಳಿಬಿಟ್ಟ ಬಲ್ಬಿಗೆ ಬುಡವೇ ಮೇಲಾಯಿತು, ಕತ್ತಲು ಮಾಳಿಗೆಗೆ ಏರಿತು. ಹಣತೆಯನ್ನು ಬೋರಲು ಹಾಕಿದರೆ ಎಣ್ಣೆ ಚೆಲ್ಲುತ್ತದೆ, ಬಲ್ಬು ಬೋರಲಾಗಿಯೇ ಬೆಳಗುತ್ತದೆ. ಮುಸ್ಸಂಜೆ ಟ್ಯೂಬ್‌ಲೈಟ್ ಹತ್ತಿದೊಡನೆ ಕೈಮುಗಿಯುವ ಹೆಂಗಸರು ಈಗಲೂ ಇದ್ದಾರೆ, ಆದರೆ ಅದನ್ನು 'ಶಾಂತ' ಮಾಡುವವರಿಲ್ಲ. ದೀಪ ಆರಿಸು ಅನ್ನಬಾರದೆಂದು 'ಶಾಂತ ಮಾಡು' ಅನ್ನುತ್ತಿದ್ದ ಅದೇ ಬಾಯಿ ಲೈಟನ್ನು 'ಬಂದ್ ಮಾಡು' ಅನ್ನುತ್ತದೆ. 'ಶಾಂತ' ಬೆಂಕಿಯ ಮಾತು, ಬೆಂಕಿಯ ಜೊತೆಗೇ ಉಳಿಯಿತು. 'ಹಚ್ಚು' ಬೆಂಕಿಯದಲ್ಲದ್ದರಿಂದಲೇ ಬಲ್ಬಿಗೂ ಫ್ಯಾನಿಗೂ ಟೀವಿಗೂ ದಾಟಿ ಬಂತು. ಮೇಲಿನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಸೊಲ್ಲಾಪುರದ ಹೆಸರು ದೇಶದ ವಿದ್ಯುತ್ ಚರಿತ್ರೆ ಸೇರಿದ್ದೂ ಹಚ್ಚುವ ಇಂಥದೇ ಒಂದು ಕೆಲಸದಿಂದ. ದಕ್ಷಿಣದ ಗ್ರಿಡ್ ಬಹುಕಾಲ ಉಳಿದ ದೇಶದ ಲಯಕ್ಕೆ ಸೇರದೆ ಬೇರೆಯೇ ಮಿಡಿಯುತ್ತಿತ್ತು. ಎರಡರ ನಡುವೆ ಇದ್ದದ್ದು ಏಕಮುಖ ವಿದ್ಯುತ್ತಿನ ಕೊಂಡಿಗಳಷ್ಟೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೊವೋಲ್ಟ್ ಮಾರ್ಗ ಎರಡನ್ನೂ ಕೂಡಿಸಿತು. ಹಾಗೆ ಕೂಡಿಸಬೇಕಾದರೆ ಎರಡೂ ಬದಿಯ ಆವರ್ತನ, ವೋಲ್ಟೇಜು, ಅಲೆಯ ಏರಿಳಿತ ಒಂದಕ್ಕೊಂದು ಹೊಂದುವ ಗಳಿಗೆ ನೋಡಿ ಹಚ್ಚಬೇಕು. ತಪ್ಪಿದರೆ ಅನಾಹುತ. ಅಂದಿನಿಂದ ಇಡೀ ದೇಶ ಒಂದೇ ಗ್ರಿಡ್ಡು, ಒಂದೇ ಆವರ್ತನ.

ಈಗಿನ ಹುಡುಗರು ಮನೆಯಲ್ಲಿ 'ಆನ್', 'ಆಫ್', 'ಪವರ್ ಇಶ್ಯೂ' ಅನ್ನುತ್ತ ಬೆಳೆಯುತ್ತಾರೆ. ಪುಸ್ತಕದಲ್ಲಿ 'ವಿದ್ಯುತ್ ಮಂಡಲ' ಎಂದು ಬಾಯಿಪಾಠ ಮಾಡುತ್ತಾರೆ. ನಡುವೆ ಆಯಿಯ ಮಾತು ಬಿದ್ದುಹೋಗುತ್ತಿದೆ, ಇದು ನಿಜವಾದ ನಷ್ಟ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಆ ಪಾಠ ಬಂದಾಗ ಮಕ್ಕಳ ಕೈಗೆ ಒಂದು ಸೆಲ್, ಒಂದು ಸಣ್ಣ ಬಲ್ಬು, ಎರಡು ತುಂಡು ತಂತಿ ಕೊಡಿ. ಮಂಡಲದ ವ್ಯಾಖ್ಯೆ ಆಮೇಲೆ ಬರೆಸಿದರಾಯಿತು. ಮೊದಲು, "ಹಚ್ಚಿ ನೋಡ್ರಿ" ಅನ್ನಿ.