ಸಿಂದಿ ಗಿಡ ಕಡಿದರು, ಕುಡಿತ ಉಳಿಯಿತು

1947ರಲ್ಲಿ ಹೈದರಾಬಾದ್ ಸಂಸ್ಥಾನದ ಹೋರಾಟಗಾರರು ಕೊಡಲಿ ಹಿಡಿದು ಸಿಂದಿ ಗಿಡಗಳನ್ನು ಕಡಿದರು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಸತ್ಯಾಗ್ರಹದಲ್ಲಿ ಇದೂ ಒಂದು ಕಾರ್ಯಕ್ರಮ. ಗಿಡದ ಮೇಲೆ ಸಿಟ್ಟೇಕೆ? ನಿಜಾಮರ ಖಜಾನೆ ತುಂಬುತ್ತಿದ್ದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ಗಿಡ ಬಿದ್ದರೆ ಆದಾಯಕ್ಕೆ ಪೆಟ್ಟು ಎಂಬುದು ಲೆಕ್ಕ.

ಈ ಅಬಕಾರಿ ನಮ್ಮಲ್ಲಿ ಹಳೆಯದು. ಯಾದಗಿರಿ, ಶಹಾಪುರ ನಿಜಾಮರ ಆಳ್ವಿಕೆಯಲ್ಲಿದ್ದವು. ಸುರಪುರ ನಾಯಕರ ಸಂಸ್ಥಾನ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಸೋತ ಮೇಲೆ, 1860ರ ಒಪ್ಪಂದದಲ್ಲಿ ಸುರಪುರವೂ ನಿಜಾಮರ ಪಾಲಾಯಿತು.

ಸೇಂದಿ, ಸಾರಾಯಿ ಮಾರುವ ಹಕ್ಕು ಹರಾಜಿಗೆ ಬರುತ್ತಿತ್ತು. ಹೆಚ್ಚು ಕೂಗಿದವನಿಗೆ ಗುತ್ತಿಗೆ. ಕಟ್ಟಿದ ದುಡ್ಡನ್ನು ಆತ ಕುಡಿಯುವವರಿಂದಲೇ ಎತ್ತಬೇಕು. ಜನ ಹೆಚ್ಚು ಕುಡಿದಷ್ಟೂ ಮುಂದಿನ ಹರಾಜು ಏರುತ್ತದೆ. ಕುಡಿತ ಕಡಿಮೆಯಾಗಲಿ ಎಂದು ಗುತ್ತಿಗೆದಾರ ಬಯಸುತ್ತಿರಲಿಲ್ಲ, ಸರ್ಕಾರಕ್ಕೂ ಅದು ಬೇಕಿರಲಿಲ್ಲ.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. ಖಜಾನೆಯ ಕೀಲಿಕೈ ಬದಲಾಯಿತು, ಅಬಕಾರಿ ಬದಲಾಗಲಿಲ್ಲ. ಪಕ್ಕದ ವಿಜಾಪುರ ಜಿಲ್ಲೆಯಲ್ಲಿ ಮುಂಬಯಿ ಸರ್ಕಾರದ 1949ರ ಪಾನನಿಷೇಧ ಕಾಯ್ದೆ ಇತ್ತು. 1960ರ ದಶಕದ ಕೊನೆಗೆ ರಾಜ್ಯದಲ್ಲಿ ಅಂಥ ನಿಷೇಧವೂ ಸಡಿಲವಾಯಿತು.

ಮುಂದೆ ಸಾರಾಯಿ ಪಾಕೀಟುಗಳ ಕಾಲ. 2007ರ ಜುಲೈ 1ರಿಂದ ರಾಜ್ಯ ಸರ್ಕಾರ ಸಾರಾಯಿ ನಿಲ್ಲಿಸಿತು. ಸೇಂದಿಗೆ ನಮ್ಮ ಕಡೆ ಅದಕ್ಕೂ ಮೊದಲೇ ನಿಷೇಧ ಬಂದಿತ್ತು. ಆದರೆ ಕುಡಿಯುವವರು ಅಗ್ಗದ ವಿಸ್ಕಿ, ಬ್ರಾಂಡಿ, ರಮ್ ಕಡೆ ಹೊರಳಿದರು. ಅದರ ತೆರಿಗೆಯೂ ಖಜಾನೆಗೇ. ಕಿರಾಣಿ ಅಂಗಡಿಯಲ್ಲೂ ಕದ್ದು ಮಾರುವುದು ಶುರುವಾಯಿತು. 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಕೂಲಿಯ ದುಡ್ಡು ಮನೆಗೆ ಬರುವ ಮೊದಲೇ ಅಂಗಡಿ ಸೇರುತ್ತದೆ ಎಂಬುದೇ ಅವರ ಸಂಕಟ.

ಇನ್ನೊಂದು ಅಪಾಯ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್. 19ನೇ ಶತಮಾನದಲ್ಲಿ ಇದು ನಿದ್ದೆ ಬರಿಸುವ ಔಷಧಿ. ಗಿಡದಿಂದ ಇಳಿಯುವ ಸೇಂದಿ ಕಡಿಮೆ, ಕುಡಿಯುವವರು ಹೆಚ್ಚು. ಆಗ ನೀರಿಗೆ ಈ ಪುಡಿ ಬೆರೆಸಿ ಸೇಂದಿ ಎಂದು ಮಾರುತ್ತಾರೆ. ದಿನಾ ಕುಡಿದರೆ ಮಿದುಳು ಅದಕ್ಕೆ ಒಗ್ಗಿಬಿಡುತ್ತದೆ. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯನ್ನು ಒಮ್ಮೆಲೇ ತಡೆದಾಗ ನೂರಾರು ಜನ ಆಸ್ಪತ್ರೆ ಸೇರಿದರು. ಆಗ ನಮ್ಮ ಗುರುಮಠಕಲ್ ಗಡಿಗೆ ಅಂಟಿಕೊಂಡಿದ್ದ ಮೆಹಬೂಬ್‌ನಗರ ಜಿಲ್ಲೆಯಲ್ಲೂ ಹೀಗಾಯಿತು.

ಆದ್ದರಿಂದ ವರ್ಷಗಟ್ಟಲೆ ಕುಡಿದವರನ್ನು ಕೋಣೆಯಲ್ಲಿ ಕೂಡಿ ಹಾಕಿ ಬಿಡಿಸಲು ಹೋಗಬೇಡಿ. ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು, ಏನೇನೋ ಮಾತಾಡುವುದು ಶುರುವಾದರೆ ಅದು ಗಾಳಿ ಸೋಕಿದ್ದಲ್ಲ, ಪ್ರಾಣಕ್ಕೆ ಕುತ್ತು ತರುವ ಕಾಯಿಲೆ. ತಕ್ಷಣ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ, ಏನು ಕುಡಿಯುತ್ತಿದ್ದರು ಎಂಬುದನ್ನು ಮುಚ್ಚಿಡದೆ ಹೇಳಿ. ವ್ಯಸನ ಬಿಡಿಸುವ ಸಲಹೆಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416. ಎರಡೂ ನಂಬರ್ ಫೋನಿನಲ್ಲಿ ಉಳಿಸಿಕೊಳ್ಳಿ.